ಹಳೇ ಜೀಪು ಮನೆಗೆ ತರುವ ದಾರಿ: ಸಾವಿರದೈನೂರು ಕಿಲೋಮೀಟರಿನ ಪಾಠ

ನಮ್ಮ ಮನೆ ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಶಿರಸಿ ಸೀಮೆಯ ಬಹಳಷ್ಟು ತೋಟದ ಮನೆಗಳ ಹಾಗೆ ಕೊನೆಯ ಇಳಿಜಾರು ಬರೀ ಮಣ್ಣು. ಮಳೆಗಾಲದ ನಾಲ್ಕು ತಿಂಗಳು ಸಾದಾ ವ್ಯಾನು ಅಲ್ಲಿ ಇಳಿದರೆ ಮತ್ತೆ ಹತ್ತುವುದಿಲ್ಲ. ಗೊಬ್ಬರದ ಚೀಲ, ಬೆಟ್ಟದ ಸೊಪ್ಪು, ಅಡಿಕೆ ಮೂಟೆ ಎಲ್ಲಾ ತಲೆಹೊರೆಯೇ. ಅದನ್ನು ಹೇಗೋ ಸುಧಾರಿಸಿಕೊಂಡು ಬಂದಿದ್ದೆವು. 2022ರ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟಿದಂತಾಯಿತು. ಕುರ್ಚಿಯ ಮೇಲೆ ಕೂರಿಸಿ ನಾಲ್ಕು ಜನ ಹೊತ್ತು ರಸ್ತೆ ಮುಟ್ಟಿಸಿದೆವು. ಫೋರ್‌ವೀಲ್ ಜೀಪು ಒಂದು ಬೇಕೇ ಬೇಕು ಎಂದು ಆ ದಿನ ನಿಶ್ಚಯ ಮಾಡಿದೆ.

ಹೊಸದರ ಬೆಲೆ ಎರಡೆಕರೆ ತೋಟದವನ ಕೈಗೆ ಎಟಕುವಂಥದ್ದಲ್ಲ. ಹಳೇದು ಹುಡುಕಿದೆ. ಒಂದು ವರ್ಷ ಹುಡುಕಿ, ಕಡೆಗೆ ರಾಜಸ್ಥಾನದ ಉದಯಪುರದಲ್ಲಿ ಒಂದು ಸಿಕ್ಕಿ, ಅದನ್ನು ಓಡಿಸಿಕೊಂಡು ಮನೆಗೆ ತಂದೆ. ದಾರಿಯಲ್ಲಿ ಕಲಿತದ್ದು, ಅದಕ್ಕಿಂತ ಹೆಚ್ಚಾಗಿ ನಾನು ಮಾಡಿದ ಒಂದು ತಪ್ಪು, ಹಳೇ ಗಾಡಿ ಕೊಳ್ಳಹೊರಟ ನನ್ನಂಥ ಸಣ್ಣ ಕೃಷಿಕರಿಗೆ ಉಪಯೋಗ ಆದೀತು ಎಂದು ಬರೆಯುತ್ತಿದ್ದೇನೆ.

ಅಷ್ಟು ದೂರ ಯಾಕೆ?

ನಮ್ಮ ಕಡೆ ಹಳೇ ಜೀಪು ಇಲ್ಲ ಅಂತಲ್ಲ. ನಾನು ನೋಡಿದ ಆರೇಳು ಜೀಪುಗಳಲ್ಲಿ ಇಂಜಿನ್ ಚೆನ್ನಾಗಿದ್ದರೂ ಚಾಸಿ ಹೋಗಿತ್ತು. ಮಳೆ, ಕೆಸರು, ಘಟ್ಟದ ಕೆಳಗಿನದಾದರೆ ಉಪ್ಪುಗಾಳಿ ಬೇರೆ. ಪಾಟಾ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೇ ಹೋಗುತ್ತಿತ್ತು. ಇಂಜಿನ್ ಬಿಚ್ಚಿ ಸರಿ ಮಾಡಿಸಬಹುದು, ತುಕ್ಕು ತಿಂದ ಚಾಸಿಗೆ ಔಷಧ ಇಲ್ಲ.

ನನ್ನ ಭಾವ ಅಡಿಕೆ ವ್ಯಾಪಾರದಲ್ಲಿ ಇರುವವರು. ನಮ್ಮ ಅಡಿಕೆ ಉತ್ತರಕ್ಕೆ ಹೋಗುವುದು ಎಲ್ಲರಿಗೂ ಗೊತ್ತೇ ಇದೆ. ಅವರ ಪರಿಚಯದ ಉದಯಪುರದ ವ್ಯಾಪಾರಿಯೊಬ್ಬರು ಅಲ್ಲೊಂದು ಜೀಪು ಇದೆ ಎಂದು ತಿಳಿಸಿದರು. 2009ರ ಡೀಸೆಲ್ ಗಾಡಿ, ಒಬ್ಬರೇ ಮಾಲೀಕರು, ಎರಡು ವರ್ಷದಿಂದ ಹೆಚ್ಚಾಗಿ ಶೆಡ್ಡಿನಲ್ಲೇ ನಿಂತದ್ದು. 2023ರ ಸೆಪ್ಟೆಂಬರಿನಲ್ಲಿ ಹೋಗಿ ನೋಡಿದೆವು. ಚಾಸಿ ಹೊಸದರ ಹಾಗಿತ್ತು. ಬಡಿದರೆ ಗಂಟೆಯ ಶಬ್ದ.

ಇಲ್ಲಿ ಒಂದು ಮಾತು ನೆನಪಿಡಬೇಕು. ಒಣಸೀಮೆಯ ಗಾಡಿಯಲ್ಲಿ ಕಬ್ಬಿಣ ಬದುಕಿರುತ್ತದೆ, ರಬ್ಬರು ಸತ್ತಿರುತ್ತದೆ. ಬಿಸಿಲಿಗೆ, ಒಣಗಾಳಿಗೆ ಟೈರು, ಹೋಸು, ಬೆಲ್ಟು, ಸೀಲು, ಬ್ರೇಕಿನ ವಾಷರು ಎಲ್ಲಾ ಗಟ್ಟಿಯಾಗಿ ಬಿರಿಯುತ್ತವೆ. ಅದರ ಮೇಲೆ ಗಾಡಿ ನಿಂತೇ ಇದ್ದರೆ ಟ್ಯಾಂಕಿನ ತಳದಲ್ಲಿ ಕೊಳೆ ಕೂರುತ್ತದೆ. ನಿಂತಲ್ಲಿ ಇದ್ಯಾವುದೂ ಕಾಣುವುದಿಲ್ಲ. ಓಡಿದಾಗ ಒಂದೊಂದೇ ಹೊರಗೆ ಬರುತ್ತವೆ. ಹಾಗಾಗಿ ಹಳೇ ಜೀಪಿನ ನಿಜವಾದ ಪರೀಕ್ಷೆ ಕೊಳ್ಳುವ ದಿನದ್ದಲ್ಲ, ಮನೆಗೆ ತರುವ ದಾರಿಯದ್ದು.

ನೋಡಲು ಹೋದಾಗ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಬೇಕು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಬೇಕು. ಬಾನೆಟ್ ಮೇಲೆ ಕೈ ಇಟ್ಟರೆ ತಿಳಿಯುತ್ತದೆ.

ಹೊಗೆ ನೋಡಬೇಕು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಕಪ್ಪು ಹೊಗೆಗೆ ಏರ್ ಕ್ಲೀನರ್ ಕಟ್ಟಿದ್ದೂ ಕಾರಣ ಇರಬಹುದು, ಪಂಪು ನಾಜಲ್ಲೂ ಇರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಬೇಕು. ಸ್ವಲ್ಪ ಹಬೆ ಸಹಜ. ಬುಸ್‌ಬುಸ್ ಎಂದು ಒತ್ತಿ ಬಂದರೆ ಪಿಸ್ಟನ್ ರಿಂಗು ಸವೆದಿದೆ, ದೊಡ್ಡ ಖರ್ಚು ಕಾದಿದೆ ಎಂದರ್ಥ.

ಫೋರ್‌ವೀಲ್ ಗಾಡಿಯಲ್ಲಿ ಸಾದಾ ಗಾಡಿಗಿಂತ ಹೆಚ್ಚಿನ ಅಂಗಗಳು ಇರುತ್ತವೆ. ಗೇರ್ ಬಾಕ್ಸ್, ಅದರ ಹಿಂದೆ ಮುಂದಿನ ಚಕ್ರಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದೊಂದು ಹಿಂದೊಂದು ಡಿಫರೆನ್ಶಿಯಲ್. ಈ ನಾಲ್ಕರ ಆಯಿಲನ್ನೂ ಬೆರಳಲ್ಲಿ ಮುಟ್ಟಿ ನೋಡಬೇಕು. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಹೊಕ್ಕಿದೆ. ಬೆರಳ ಮೇಲೆ ಮಿಂಚುವ ಚೂರು ಕಂಡರೆ ಒಳಗೆ ಹಲ್ಲು ತಿಂದಿದೆ.

ಫೋರ್‌ವೀಲ್ ಹಾಕಿ ಪರೀಕ್ಷೆ ಮಾಡುವುದು ಮಣ್ಣಿನ ಮೇಲೆ ಮಾತ್ರ, ಟಾರಿನ ಮೇಲಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ನಮ್ಮಲ್ಲಿ ಸಿಗುವ ಹಳೇ ಜೀಪುಗಳಲ್ಲಿ ಮುಂದೆ ಹಿಂದೆ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿ ಹಾಕಿದ ಹಾಗೆ ಇರುತ್ತದೆ. ಮಣ್ಣಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಜಾರಲು ಆಗದೆ ಗೇರು, ಶಾಫ್ಟು ಬಿಗಿದುಕೊಂಡು ಮುರಿಯುವವರೆಗೂ ಹೋಗುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರು ಒಂದೇ ಅಳತೆಯದ್ದು, ಹೆಚ್ಚುಕಡಿಮೆ ಒಂದೇ ಸವೆತದ್ದು ಇರಬೇಕು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. 1419 ಎಂದಿದ್ದರೆ 2019ನೇ ಇಸವಿಯ 14ನೇ ವಾರ ತಯಾರಾದದ್ದು. ನಾನು ಕೊಂಡ ಜೀಪಿನ ಟೈರಿನ ಹಲ್ಲು ಚೆನ್ನಾಗಿತ್ತು, ಆದರೆ ಅಂಕಿ 2013ರದ್ದು. ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಐದೂ ಟೈರಿನ ಹಣ ಬೆಲೆಯಲ್ಲಿ ಮುರಿಸಿಕೊಂಡೆ.

ಕಾಗದ ಮೊದಲು, ಗಾಡಿ ಆಮೇಲೆ

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಗಾಡಿ ಚೆನ್ನಾಗಿದೆ ಎಂದು ಪೂರ್ತಿ ಹಣ ಕೊಟ್ಟು ಓಡಿಸಿಕೊಂಡು ಬರುತ್ತಾರೆ. ಆಮೇಲೆ ಮಾರಿದವರು ಫೋನ್ ಎತ್ತುವುದಿಲ್ಲ.

ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ಕಣ್ಣಾರೆ ನೋಡಿ ತಾಳೆ ಹಾಕಬೇಕು. ಗಾಡಿಯ ಮೇಲೆ ಬ್ಯಾಂಕಿನ ಸಾಲ ದಾಖಲಾಗಿದ್ದರೆ ಅದು ತೀರಿದ ಪತ್ರ ಮತ್ತು ಫಾರಂ 35 ಬೇಕು. ಬಾಕಿ ದಂಡದ ಚಲನ್ ಇದ್ದರೆ ಮಾರುವವರೇ ಕಟ್ಟಿ ಮುಗಿಸಬೇಕು.

ಜೀಪಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಇಂಜಿನ್ ಬದಲಿಸಿದ, ಚಾಸಿ ಕತ್ತರಿಸಿ ಜೋಡಿಸಿದ ಜೀಪುಗಳು ನೋಡಲು ಚೆಂದ, ಬೆಲೆಯೂ ಕಡಿಮೆ. ಕಂಪೆನಿ ಮಾಡಿಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಲ್ಲಿ ತಂದು ನೋಂದಣಿಗೆ ನಿಲ್ಲಿಸಿದಾಗ ಅಂಥ ಗಾಡಿ ಸಿಕ್ಕಿಬೀಳುತ್ತದೆ.

ಬೇರೆ ರಾಜ್ಯಕ್ಕೆ ತರಲು ಆ ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ಫಾರಂ 28. ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30. ಇವಕ್ಕೆ ಮಾರುವವರ ಸಹಿಯನ್ನು ಅವರ ಎದುರೇ ಕುಳಿತು ಹಾಕಿಸಿಕೊಂಡೆ. ಮುಂಗಡ ಕೊಟ್ಟು, ಉಳಿದದ್ದು ಎನ್‌ಒಸಿ ಕೈಗೆ ಬಂದ ದಿನ ಎಂದು ಮಾತಾಡಿ ಊರಿಗೆ ವಾಪಸಾದೆವು. ಎನ್‌ಒಸಿಗೆ ಐದು ವಾರ ಹಿಡಿಯಿತು. ಆ ಐದು ವಾರದ ಕಿರಿಕಿರಿ ಮಾರುವವರದ್ದಾಯಿತು. ಪೂರ್ತಿ ಹಣ ಕೊಟ್ಟಿದ್ದರೆ ನನ್ನದಾಗುತ್ತಿತ್ತು.

ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯಲೇಬಾರದು. ಗಾಡಿ ಕೈ ಬದಲಾದರೆ ಎದುರಿನವರಿಗೆ ಆಗುವ ಹಾನಿಯ ವಿಮೆ ಕಾನೂನಿನ ಪ್ರಕಾರ ಕೊಂಡವರಿಗೆ ಬರುತ್ತದೆ. ಆದರೂ 14 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ನಮ್ಮ ಗಾಡಿಯ ಹಾನಿಗೇ ಪರಿಹಾರ ಬೇಕಾದರಂತೂ ಹೆಸರು ಬದಲಾಗಿಯೇ ಇರಬೇಕು. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಜೀವಂತ ಇರಬೇಕು. ಟೋಲಿನ ಫಾಸ್ಟ್ಯಾಗ್ ಹಳೇ ಮಾಲೀಕರ ಖಾತೆಗೆ ಜೋಡಿಸಿರುತ್ತದೆ. ಅದನ್ನು ಅವರು ಮುಚ್ಚಿಸಿ, ನಾವು ನಮ್ಮದು ಮಾಡಿಸಿಕೊಂಡೇ ಹೊರಡಬೇಕು.

ಬೇರೆ ರಾಜ್ಯದ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಹಾಕಿಸಲೇಬೇಕು. ಆಗ ಗಾಡಿಯ ಬೆಲೆ, ವಯಸ್ಸು ನೋಡಿ ಜೀವಾವಧಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಈ ಮೊತ್ತವನ್ನು ನಮ್ಮ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ ಜೀಪಿನ ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಅಗ್ಗದ ಜೀಪು ಅಗ್ಗವಾಗಿ ಉಳಿಯುವುದಿಲ್ಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 15 ವರ್ಷ ದಾಟಿದ ಕಾರು, ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದ್ದಾರೆ. ನನ್ನ ಜೀಪಿಗೆ 2024ರ ಮೇ ತಿಂಗಳಲ್ಲೇ ನವೀಕರಣ ಬಂತು. ಇದು ಗೊತ್ತಿದ್ದರಿಂದ ಚೌಕಾಶಿಯಲ್ಲಿ ಇನ್ನಷ್ಟು ಇಳಿಸಲು ಸಾಧ್ಯವಾಯಿತು.

ಹೊರಡುವ ಮೊದಲು ಒಂದು ದಿನ

2023ರ ದೀಪಾವಳಿ ಕಳೆದ ವಾರ, ಕೊನೆ ಕೊಯ್ಲು ಜೋರಾಗುವ ಮೊದಲು, ನಾನೂ ಭಾವನೂ ರೈಲಿನಲ್ಲಿ ಹೋದೆವು. ಹೋದ ದಿನವೇ ಹೊರಡಲಿಲ್ಲ. ಒಂದು ಇಡೀ ದಿನ ಅಲ್ಲಿಯ ಗ್ಯಾರೇಜಿನಲ್ಲಿ ಕುಳಿತೆವು. ಐದು ಟೈರು ಹೊಸದು. ಇಂಜಿನ್ ಆಯಿಲ್, ಫಿಲ್ಟರು, ಗೇರಿನಿಂದ ಡಿಫರೆನ್ಶಿಯಲ್ ತನಕ ಎಲ್ಲಾ ಆಯಿಲ್ ಬದಲು. ಫ್ಯಾನ್ ಬೆಲ್ಟು, ರೇಡಿಯೇಟರಿನ ಮೇಲಿನ ಕೆಳಗಿನ ಹೋಸು ಹೊಸದು. ಚಕ್ರದ ಬೇರಿಂಗಿಗೆ ಗ್ರೀಸು. ಬ್ರೇಕ್ ಆಯಿಲ್ ಬದಲು.

ಬ್ರೇಕ್ ಡ್ರಮ್ಮು ಬಿಚ್ಚಿ ಶೂ ನೋಡಿದೆವು, ದಪ್ಪ ಇತ್ತು. ಒಳಗಿನ ವೀಲ್ ಸಿಲಿಂಡರಿನ ರಬ್ಬರ್ ವಾಷರ್ ಬದಲಿಸುವುದೋ ಬೇಡವೋ ಎಂದು ಮೆಕ್ಯಾನಿಕ್ ಕೇಳಿದ. ಸೋರುವುದು ಕಾಣಲಿಲ್ಲ. ಬೇಡ ಎಂದೆ. ಉಳಿದದ್ದು ಕೆಲವೇ ನೂರು ರೂಪಾಯಿ. ತಪ್ಪು ಇದೇ.

ಮೊದಲ ಐವತ್ತು ಕಿಲೋಮೀಟರ್

ದಾರಿ ಸುಲಭ. ದೆಹಲಿಯಿಂದ ಚೆನ್ನೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಉದಯಪುರ, ಅಹಮದಾಬಾದ್, ವಡೋದರಾ, ಸೂರತ್, ಮುಂಬಯಿ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆಯೇ ಹಾದುಹೋಗುತ್ತದೆ. ಹುಬ್ಬಳ್ಳಿಯಿಂದ ಶಿರಸಿಗೆ ನೂರು ಕಿಲೋಮೀಟರ್ ಒಳರಸ್ತೆ. ಒಟ್ಟು ಸುಮಾರು 1,500.

ಇಬ್ಬರೂ ಸೇರಿ ಮೂರು ನಿಯಮ ಮಾಡಿಕೊಂಡೆವು. ಅರವತ್ತರ ಮೇಲೆ ಮುಳ್ಳು ಹೋಗಬಾರದು. ಕತ್ತಲಾದ ಮೇಲೆ ಓಡಿಸಬಾರದು. ಮೊದಲ ದಿನ ಇಪ್ಪತ್ತೈದು ಕಿಲೋಮೀಟರಿಗೊಮ್ಮೆ, ಆಮೇಲೆ ಐವತ್ತಕ್ಕೊಮ್ಮೆ ನಿಲ್ಲಿಸಿ ನೋಡಬೇಕು. ಹೊಸ ಎತ್ತನ್ನು ಸಂತೆಯಿಂದ ಹೊಡೆದುಕೊಂಡು ಬರುವವರು ಅದರ ನಡಿಗೆ, ಉಸಿರು ನೋಡುತ್ತಲೇ ಬರುತ್ತಾರಲ್ಲ, ಹಾಗೆ.

ನಿಲ್ಲಿಸಿದಾಗ ಮಾಡುವುದು ಐದೇ ನಿಮಿಷದ ಕೆಲಸ. ನಾಲ್ಕೂ ಚಕ್ರದ ನಡುವಿನ ಹಬ್ಬಿಗೆ ಕೈಯ ಹಿಂಭಾಗ ತಾಗಿಸುವುದು. ಎಲ್ಲಾ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗು ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದಿದೆ. ಗಾಡಿಯ ಅಡಿ ಬಗ್ಗಿ ನೋಡಿ ಹನಿ ಬೀಳುತ್ತಿದೆಯೋ ಎಂದು ಪರೀಕ್ಷಿಸುವುದು. ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕುವುದು. ಟೈರು ಬದಲಿಸಿದ ಮೇಲೆ ಮೊದಲ ಐವತ್ತು ಕಿಲೋಮೀಟರಿನಲ್ಲಿ ನಟ್ಟು ಸಡಿಲವಾಗುವುದುಂಟು. ನಮ್ಮದರಲ್ಲಿ ಎರಡು ಕಾಲು ಸುತ್ತು ತಿರುಗಿದವು.

ಎರಡನೇ ಸಲ ನಿಲ್ಲಿಸಿದಾಗ ಭಾವ ಕೈ ಎಳೆದುಕೊಂಡು, "ಭಾವ, ಹಿಂದಿನ ಎಡಚಕ್ರ ಸುಡ್ತಾ ಇದ್ದು" ಎಂದರು. ಒಂದು ಹನಿ ನೀರು ಹಾಕಿದರೆ ಚುರ್ ಎಂದಿತು. ಆರಲು ಬಿಟ್ಟು, ನಿಧಾನ ಖೇರವಾಡದ ತನಕ ಹೋಗಿ ರಸ್ತೆಬದಿಯ ಗ್ಯಾರೇಜಿನಲ್ಲಿ ಬಿಚ್ಚಿಸಿದೆವು. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದೆ ಬರದೆ ಶೂ ಡ್ರಮ್ಮಿಗೆ ಉಜ್ಜುತ್ತಿತ್ತು. ಕೇಬಲ್ ಬಿಡಿಸಿ, ಶೂ ಸಡಿಲ ಮಾಡಿಕೊಟ್ಟರು. ಆಮೇಲೆ ಚಕ್ರ ತಣ್ಣಗಾಯಿತು. ಮುಗಿಯಿತು ಎಂದುಕೊಂಡೆವು. ಆ ದಿನ ಅಹಮದಾಬಾದಿನ ಹೊರಗೆ ಮಲಗಿದೆವು.

ಟ್ಯಾಂಕಿನ ಕೊಳೆ

ಎರಡನೇ ದಿನ ವಡೋದರಾ ದಾಟಿ ಭರೂಚ್ ಕಡೆ ಹೋಗುವಾಗ ಜೀಪು ಜಗ್ಗತೊಡಗಿತು. ಎಕ್ಸಲೇಟರ್ ಒತ್ತಿದರೂ ನಲವತ್ತರ ಮೇಲೆ ಏಳದು. ಕಡೆಗೆ ನಿಂತೇ ಹೋಯಿತು. ಇದನ್ನು ನಿರೀಕ್ಷೆ ಮಾಡಿಯೇ ಎರಡು ಡೀಸೆಲ್ ಫಿಲ್ಟರ್ ಇಟ್ಟುಕೊಂಡಿದ್ದೆ. ನಿಂತ ಗಾಡಿಯ ಟ್ಯಾಂಕಿನ ಕೊಳೆ ಗಾಡಿ ಅಲುಗಾಡಿದಾಗ ಎದ್ದು ಬಂದು ಫಿಲ್ಟರಿನಲ್ಲಿ ಕಟ್ಟುತ್ತದೆ.

ಫಿಲ್ಟರ್ ಬದಲಿಸಿದ ಮೇಲೆ ಗಾಳಿ ತೆಗೆಯಬೇಕು. ಟಿಲ್ಲರ್, ಡೀಸೆಲ್ ಪಂಪ್‌ಸೆಟ್ ಇದ್ದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬರುವಾಗ ಒತ್ತಿ ಹಿಡಿದೇ ಸ್ಕ್ರೂ ಬಿಗಿಯಬೇಕು. ಅರ್ಧ ಗಂಟೆಯಲ್ಲಿ ಹೊರಟೆವು. ಆ ದಿನ ವಾಪಿ, ಮೂರನೇ ದಿನ ಠಾಣೆ ಮೇಲೆ ಪುಣೆ ಸೇರಿದೆವು. ಪುಣೆಯಲ್ಲಿ ಎರಡನೇ ಫಿಲ್ಟರನ್ನೂ ಹಾಕಿದೆ. ಮೊದಲನೆಯದರ ಒಳಗೆ ಕೆಸರು. ಅಲ್ಲೇ ಇನ್ನೊಂದು ಕೊಂಡು ಇಟ್ಟುಕೊಂಡೆ.

ಘಾಟಿಯಲ್ಲಿ ಮುಳ್ಳು ಏರಿತು

ನಾಲ್ಕನೇ ದಿನ ಪುಣೆಯಿಂದ ಸಾತಾರಾ ಕಡೆ ಖಂಬಾಟ್ಕಿ ಘಾಟಿ ಹತ್ತುವಾಗ ಬಿಸಿಯ ಮುಳ್ಳು ಏರುತ್ತಾ ಹೋಯಿತು. ನಿಲ್ಲಲು ಜಾಗ ಸಿಕ್ಕಿದಲ್ಲಿ ಬದಿಗೆ ಹಾಕಿದೆ. ಇಂಜಿನ್ ಕೂಡಲೇ ಬಂದ್ ಮಾಡದೆ ಒಂದೆರಡು ನಿಮಿಷ ನಿಧಾನ ಓಡಲು ಬಿಟ್ಟು, ನೀರು ಸೋರುವುದಿಲ್ಲ ಎಂದು ಖಚಿತ ಮಾಡಿಕೊಂಡು ಆಮೇಲೆ ನಿಲ್ಲಿಸಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒಳಗಿನ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದೆವು.

ಕಾರಣ ಹೊಸ ಫ್ಯಾನ್ ಬೆಲ್ಟು. ಹೊಸ ಬೆಲ್ಟು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಹಿಗ್ಗುತ್ತದೆ, ಮತ್ತೊಮ್ಮೆ ಬಿಗಿಯಬೇಕು. ಅದು ಮರೆತು ಹೋಗಿತ್ತು. ಹೆಬ್ಬೆರಳಿನಲ್ಲಿ ಒತ್ತಿದರೆ ಅರ್ಧ ಇಂಚಿನಷ್ಟು ಒಳಗೆ ಹೋಗಬೇಕು. ನಮ್ಮದು ಒಂದೂವರೆ ಇಂಚು ಹೋಗುತ್ತಿತ್ತು. ಬಿಗಿದ ಮೇಲೆ ಮುಳ್ಳು ಮತ್ತೆ ಏರಲಿಲ್ಲ. ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿದೆವು. ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ಮು ಕಾದು ಬ್ರೇಕ್ ಹಿಡಿಯುವುದಿಲ್ಲ.

ಹುಬ್ಬಳ್ಳಿಯ ರಾತ್ರಿ

ಘಾಟಿಯಲ್ಲಿ ಹೊತ್ತು ಹೋದದ್ದರಿಂದ ಹುಬ್ಬಳ್ಳಿ ಮುಟ್ಟುವಾಗ ಏಳು ಗಂಟೆ. ಕತ್ತಲೆಯ ನಿಯಮ ಅರ್ಧ ಗಂಟೆ ಮುರಿದೇ ಆಗಿತ್ತು. ನಾಲ್ಕು ದಿನದ ಆಯಾಸ, ಮನೆಯ ನೆನಪು. ಭಾವ ಹೇಳಿದರು: "ಇನ್ನು ನೂರೇ ಕಿಲೋಮೀಟ್ರು. ಊಟದ ಹೊತ್ತಿಗೆ ಮನೇಲಿ ಇರ್ಲಕ್ಕು. ನಡಿ ಭಾವ."

ನನಗೂ ಆಸೆ ಇತ್ತು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮುಂಡಗೋಡ ದಾಟಿದ ಮೇಲಿನ ಕಾಡುದಾರಿ, ತಿರುವು, ಎದುರಿಗೆ ಬರುವ ಲಾರಿಯ ಬೆಳಕು ನೆನಪಾಯಿತು. "ಬೆಳಗಾಗ್ಲಿ ಭಾವ, ಬೆಳಕಲ್ಲಿ ಹೋಪನ" ಎಂದೆ. ಅವರಿಗೆ ಸಿಟ್ಟೇ ಬಂತು. ಲಾಡ್ಜಿನಲ್ಲಿ ಮಾತಾಡದೆ ಮಲಗಿದರು.

ಬೆಳಿಗ್ಗೆ ರೂಢಿಯಂತೆ ಗಾಡಿ ಸುತ್ತಿದೆ. ಹಿಂದಿನ ಎಡಚಕ್ರದ ಒಳಮೈಯಲ್ಲಿ ಒದ್ದೆ. ಟೈರಿನ ಗೋಡೆ ಗುಂಟ ಇಳಿದ ಗೆರೆ, ಕೆಳಗೆ ರುಪಾಯಿ ಅಗಲದ ಕಲೆ. ಮುಟ್ಟಿ ಮೂಸಿದೆ, ಬ್ರೇಕ್ ಆಯಿಲ್. ಡಬ್ಬಿಯ ಮುಚ್ಚಳ ತೆಗೆದರೆ ಆಯಿಲ್ ಕೆಳಗಿನ ಗೆರೆಗಿಂತ ಕೆಳಗೆ. ಒಳಗೆ ಕೂತು ಪೆಡಲ್ ಒತ್ತಿದೆ. ಮೊದಲ ಸಲ ಅರ್ಧಕ್ಕೆ ನಿಂತಿತು. ಒತ್ತಿ ಹಿಡಿದೆ. ಮೆಲ್ಲಗೆ ನೆಲದ ತನಕ ಇಳಿಯಿತು.

ಭಾವನನ್ನು ಕರೆದು ತೋರಿಸಿದೆ. ಅವರು ಒಂದು ನಿಮಿಷ ಸುಮ್ಮನೆ ನಿಂತರು.

ಗಾಡಿ ಅಲುಗಿಸದೆ ಮೆಕ್ಯಾನಿಕ್ಕನ್ನು ಲಾಡ್ಜಿಗೇ ಕರೆಸಿದೆವು. ಡ್ರಮ್ಮು ಬಿಚ್ಚಿ, ವೀಲ್ ಸಿಲಿಂಡರಿನ ವಾಷರ್ ತೆಗೆದು ನನ್ನ ಕೈಮೇಲೆ ಇಟ್ಟ. "ರಬ್ಬರ್ ಕಲ್ಲಾಗೇತ್ರಿ. ಈ ಗಾಲಿ ಮೊದಲ ಎಲ್ಲೆರೆ ಕಾದಿತ್ತೇನ್ರಿ?" ಎಂದು ಕೇಳಿದ. ಮೊದಲೇ ಒಣಗಿದ ರಬ್ಬರು. ಮೊದಲ ದಿನದ ಕಾವು ಅದಕ್ಕೆ ಕಡೆಯ ಪೆಟ್ಟು. ಮೂರು ದಿನ ಹೇಗೋ ತಡೆದು ನಾಲ್ಕನೇ ದಿನ ಬಿಟ್ಟುಕೊಟ್ಟಿತ್ತು. ಖೇರವಾಡದಲ್ಲಿ ಶೂ ಸಡಿಲಿಸಿ ಮುಗಿಯಿತು ಎಂದುಕೊಂಡದ್ದು, ಉದಯಪುರದಲ್ಲಿ ವಾಷರ್ ಬೇಡ ಎಂದದ್ದು, ಎರಡೂ ನನ್ನದೇ ತಪ್ಪು. ನಾಲ್ಕೂ ಚಕ್ರದ ವಾಷರ್ ಕಿಟ್ ಬದಲಿಸಿ, ಗಾಳಿ ತೆಗೆದು, ಮಧ್ಯಾಹ್ನ ಹೊರಟು ಸಂಜೆಯೊಳಗೆ ಮನೆ ಸೇರಿದೆವು.

ಆ ರಾತ್ರಿ ಹೊರಟಿದ್ದರೆ ಪೆಡಲ್ ನೆಲ ಮುಟ್ಟುತ್ತಿದ್ದದ್ದು ಎಲ್ಲಿ ಎಂದು ಇವತ್ತಿಗೂ ಯೋಚನೆ ಬರುತ್ತದೆ. ದಾರಿ ಮುಗಿಯುತ್ತಾ ಬಂದಾಗ ಎಚ್ಚರಿಕೆಯೂ ಮುಗಿಯುತ್ತದೆ. ಅಪಾಯ ಅಲ್ಲೇ. ಒಮ್ಮೆ ಕಾದ ಚಕ್ರವನ್ನು ಗುಣವಾಯಿತು ಎಂದು ನಂಬಬಾರದು. ಕಾವಿಗೆ ಸಿಕ್ಕ ರಬ್ಬರನ್ನೆಲ್ಲಾ ಆಗಲೇ ಬದಲಿಸಬೇಕು.

ಜೊತೆಗೆ ಇರಬೇಕಾದ ಸಾಮಾನು

ಡೀಸೆಲ್ ಫಿಲ್ಟರ್ ಎರಡು, ಫ್ಯಾನ್ ಬೆಲ್ಟು ಒಂದು, ಹೋಸು ಮತ್ತು ಕ್ಲಿಪ್ಪು, ಇಂಜಿನ್ ಆಯಿಲ್ ಎರಡು ಲೀಟರ್, ಬ್ರೇಕ್ ಆಯಿಲ್ ಅರ್ಧ ಲೀಟರ್, ನೀರು ಹತ್ತು ಲೀಟರ್, ಫ್ಯೂಸು, ಬಲ್ಬು, ಸ್ಪ್ಯಾನರ್ ಸೆಟ್ಟು, ಜಾಕು, ಜಾಕಿನ ಅಡಿಗೆ ಹಲಗೆ, ಚಕ್ರಕ್ಕೆ ತಡೆ ಕೊಡಲು ಎರಡು ಮರದ ತುಂಡು, ಎಳೆಯುವ ಹಗ್ಗ, ಕಟ್ಟುತಂತಿ, ಟಾರ್ಚು, ಹಳೇ ಬಟ್ಟೆ. ಗಾಳಿ ತುಂಬಿದ ಸ್ಟೆಪ್ನಿ. ಎನ್‌ಒಸಿ, ಫಾರಂಗಳು, ಆರ್‌ಸಿ, ವಿಮೆ, ಹಣ ಕೊಟ್ಟ ರಸೀದಿ ಎಲ್ಲಾ ಒಂದೇ ಚೀಲದಲ್ಲಿ, ಎಲ್ಲದರ ಜೆರಾಕ್ಸು ಇನ್ನೊಂದರಲ್ಲಿ.

ಲಾರಿಯ ಮೇಲೆ ತರಬಹುದಿತ್ತಲ್ಲ?

ತರಬಹುದು. ಗಾಡಿಗಳನ್ನು ಹೇರಿ ತರುವ ಲಾರಿಗಳಿವೆ. ಬ್ರೇಕ್, ಸ್ಟೇರಿಂಗ್ ಬಗ್ಗೆ ಅನುಮಾನ ಇದ್ದರೆ, ಜೊತೆಗೆ ಬರಲು ಇನ್ನೊಬ್ಬರು ಇಲ್ಲದಿದ್ದರೆ, ಅಥವಾ ನಮಗೇ ಸ್ಪ್ಯಾನರ್ ಹಿಡಿದು ಗೊತ್ತಿಲ್ಲದಿದ್ದರೆ ಹಾಗೆ ಮಾಡುವುದೇ ಸರಿ. ಓಡಿಸಿಕೊಂಡು ಬಂದದ್ದರಲ್ಲಿ ನನಗೆ ಹಣ ಉಳಿಯಿತು ಎನ್ನಲಾರೆ. ಡೀಸೆಲ್ 128 ಲೀಟರ್, ಟೋಲು, ಇಬ್ಬರ ರೈಲು, ಊಟ, ಲಾಡ್ಜು, ದಾರಿಯ ರಿಪೇರಿ ಎಲ್ಲಾ ಸೇರಿದರೆ ಹೆಚ್ಚುಕಡಿಮೆ ಅಷ್ಟೇ. ಲಾಭ ಬೇರೆ ಇದೆ. ಐದು ದಿನದಲ್ಲಿ ಜೀಪಿನ ಒಂದೊಂದು ನಟ್ಟಿನ ಪರಿಚಯ ಆಯಿತು. ಹೊರಬರಬೇಕಾದ ರೋಗಗಳೆಲ್ಲಾ ಗ್ಯಾರೇಜು ಇರುವ ಹೆದ್ದಾರಿಯಲ್ಲೇ ಹೊರಬಂದವು, ನಮ್ಮ ತೋಟದ ಇಳಿಜಾರಿನಲ್ಲಿ ಅಲ್ಲ.

ಮನೆಗೆ ಬಂದ ಮೇಲೆ

ಬಂದ ವಾರ ಟ್ಯಾಂಕ್ ಇಳಿಸಿ ತೊಳೆಸಿದೆ. ಉಳಿದ ರಬ್ಬರ್ ಸೀಲು, ಬ್ರೇಕಿನ ಹೋಸು ಎಲ್ಲಾ ಬದಲಿಸಿದೆ. ಚಾಸಿಗೆ ತುಕ್ಕು ತಡೆಯುವ ಬಣ್ಣ ಹೊಡೆಸಿದೆ. ಒಣಸೀಮೆಯಲ್ಲಿ ಹದಿನಾಲ್ಕು ವರ್ಷ ಉಳಿದ ಕಬ್ಬಿಣವನ್ನು ನಮ್ಮ ಮಳೆ ನಾಲ್ಕೇ ವರ್ಷದಲ್ಲಿ ತಿನ್ನಬಲ್ಲದು. ಮಳೆಗಾಲದಲ್ಲಿ ಕೆಸರು ಒಣಗಲು ಬಿಡದೆ ಅಡಿಭಾಗಕ್ಕೆ ನೀರು ಹೊಡೆಯುತ್ತೇನೆ. ಇಳಿಜಾರಿನಲ್ಲಿ ಹೊರೆ ಇದ್ದರೆ ಮೇಲೆಯೇ ಫೋರ್‌ವೀಲ್ ಲೋ ಹಾಕಿಕೊಂಡು ಇಳಿಯುವುದು, ನಡುವೆ ಕ್ಲಚ್ ಒತ್ತದಿರುವುದು. ಆರ್‌ಜೆ ನಂಬರ್ ಹೋಗಿ ಕೆಎ-31 ಬಂದಿದೆ. ನವೀಕರಣವೂ ಆಗಿದೆ.

2024ರ ಮಳೆಗಾಲದಲ್ಲಿ ಅಮ್ಮನನ್ನು ಎರಡು ಸಲ ರಾತ್ರಿಯಲ್ಲೇ ಶಿರಸಿಗೆ ಕರೆದೊಯ್ಯಬೇಕಾಯಿತು. ಎರಡು ಸಲವೂ ಅಂಗಳದಲ್ಲೇ ಜೀಪು ಹತ್ತಿದರು. ಹೊರಡುವ ಮೊದಲು, ಅಂಥ ಗಡಿಬಿಡಿಯಲ್ಲೂ, ಭಾವ ಟಾರ್ಚು ಹಿಡಿದು ನಾಲ್ಕು ಚಕ್ರದ ಒಳಮೈ ನೋಡಿ ಬಂದರು. ಹಳೇ ಜೀಪು ಕೊಳ್ಳುವ ಯಾರಿಗಾದರೂ ನಾನು ಹೇಳುವುದು ಇಷ್ಟೇ: ಈ ಒಂದು ಅಭ್ಯಾಸ ರೂಢಿಸಿಕೊಳ್ಳಿ. ಬೇಕಾದ್ದು ಒಂದು ಟಾರ್ಚು, ಎರಡು ನಿಮಿಷ.